ಶಕುನದ ಕೋಳಿ

ರೋಮಿನ ದಂಡು ಹೋದಲ್ಲೆಲ್ಲ ಪಂಜರದಲ್ಲಿ ಒಂದು ಶಕುನದ ಕೋಳಿಯೂ ಹೋಗುತ್ತಿತ್ತು. ಚೆಲ್ಲಿದ ಕಾಳನ್ನು ಅದು ಗಬಗಬನೆ ತಿಂದರೆ ಯುದ್ಧಕ್ಕೆ ದೇವರ ಒಪ್ಪಿಗೆ ಸಿಕ್ಕಂತೆ. ಮುಟ್ಟದಿದ್ದರೆ ಆ ದಿನ ಯಾರೂ ಕತ್ತಿ ಹಿರಿಯುವಂತಿಲ್ಲ. ದೇವರು ತನ್ನ ಕೊಕ್ಕಿನಿಂದಲೇ ಮಾತಾಡುತ್ತಾನೆಂದು ಕೋಳಿಗೆ ಬಲು ಹೆಮ್ಮೆ.

ಒಂದು ಬೆಳಿಗ್ಗೆ ಕೋಳಿ ಒಂದು ಕಾಳೂ ಬಿಡದೆ ತಿಂದಿತು. ಸೈನಿಕರು ಜಯಘೋಷ ಮಾಡುತ್ತಾ ಹೊಳೆ ದಾಟಿದರು. ಸಂಜೆಯಾದರೂ ಒಬ್ಬರೂ ಹಿಂತಿರುಗಲಿಲ್ಲ. ಹೊಟ್ಟೆ ಬಿರಿಯುವಂತೆ ಉಂಡ ಕಾಗೆಯೊಂದು ಬಂದು ಪಂಜರದ ಮೇಲೆ ಕೂತಿತು.

"ನಿಮ್ಮ ಉಪಕಾರ ಮರೆಯಲಾರೆ, ತಾಯಿ."

"ನಾನೇನು ಮಾಡಿದೆ? ನಮ್ಮ ದಂಡು ಎಲ್ಲಿ?" ಎಂದಿತು ಕೋಳಿ.

"ಹೊಳೆಯಾಚೆ ಮಲಗಿದೆ. ಇನ್ನು ಏಳುವುದಿಲ್ಲ."

ಕೋಳಿ ಕತ್ತು ಚಾಚಿ ಹೊಳೆಯತ್ತ ನೋಡಿತು. "ಅದು ಹೇಗೆ? ನಾನು ತಿಂದೆನಲ್ಲ! ದೇವರು ಒಪ್ಪಿದ್ದನಲ್ಲ!"

"ನಿನ್ನೆ ನಿಮಗೆ ಕಾಳು ಹಾಕಿದ್ದರೇ?"

"ಇಲ್ಲ. ಮೊನ್ನೆಯೂ ಹಾಕಲಿಲ್ಲ. ಸೇನಾಪತಿಗೆ ಯುದ್ಧದ ಆತುರ. ಹಾಕಬೇಡವೆಂದು ಕಾವಲುಗಾರನಿಗೆ ಹೇಳಿದ್ದ."

"ಹಾಗಾದರೆ ತಿನ್ನಿಸಿದ್ದು ದೇವರಲ್ಲ, ತಾಯಿ."

ಇನ್ನು ಪ್ರಾಣ ಹೋದರೂ ಯುದ್ಧದ ಕಾಳು ಮುಟ್ಟುವುದಿಲ್ಲವೆಂದು ಕೋಳಿ ಆ ಸಂಜೆಯೇ ಆಣೆ ಇಟ್ಟಿತು.

ಕೆಲವು ದಿನಗಳಲ್ಲಿ ಅದೇ ಶಿಬಿರಕ್ಕೆ ಹೊಸ ದಂಡು ಬಂತು. ಹೊಸ ಸೇನಾಪತಿಗೂ ಆತುರವೇ. ಕೋಳಿಗೆ ಮತ್ತೆ ಉಪವಾಸ. ಯುದ್ಧದ ಬೆಳಿಗ್ಗೆ ಕಾಳು ಬಿದ್ದಾಗ ಕೋಳಿ ಆಣೆ ನೆನೆದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು. ಆದರೆ ಕೊಕ್ಕು ಆಗಲೇ ನೆಲಕ್ಕೆ ಬಾಗಿತ್ತು.

ಜಯಘೋಷ ಕೇಳಿದ್ದೇ ತಡ, ಕಾಗೆ ಮರದಿಂದ ಎದ್ದು ಸೈನಿಕರಿಗಿಂತ ಮೊದಲೇ ಹೊಳೆ ದಾಟಿತು.