ಮೂರನೆಯ ಆಜ್ಞೆ

ಕೇತಪ್ಪ ಪಲ್ಲಕ್ಕಿಯನ್ನು ಹೊಳೆಯ ಆಚೆ ದಡದಲ್ಲೇ ಬಿಟ್ಟು, ದೋಣಿ ಹತ್ತಿ ಗುರುಗಳ ಆಶ್ರಮಕ್ಕೆ ಬಂದ. ಒಂದು ಕಾಲಕ್ಕೆ ಅವನೂ ಅಲ್ಲಿಯೇ ಓದಿದವನು. ಈಗ ರಾಜ್ಯದ ವಿದ್ಯಾಮಂತ್ರಿ.

ಹೊಸ ದೊರೆಯ ಆಜ್ಞೆ ತಂದಿದ್ದ. ರಾಜಧಾನಿಯ ಮಹಾವಿದ್ಯಾಲಯದಲ್ಲಿ, ಹಾಗೆಯೇ ಎಲ್ಲ ಆಶ್ರಮಗಳಲ್ಲಿ, ಇನ್ನು ಮೇಲೆ ಕಡಲಾಚೆಯ ದೇಶಗಳು ಕಲಿಸುವುದನ್ನೇ ಕಲಿಸಬೇಕು.

ಗುರು ಸಂಗಯ್ಯನವರು ಆಗದು ಎನ್ನಲಿಲ್ಲ. ಶಿಷ್ಯರನ್ನು ಹೊಂಗೆ ಮರದಡಿ ಕೂಡಿಸಿದರು.

"ನೀನೇ ತಿಳಿಸಿ ಹೇಳಪ್ಪ."

ಕೇತಪ್ಪ ಚೆನ್ನಾಗಿಯೇ ಮಾತಾಡಿದ. ಲೋಕ ಮುಂದೆ ಹೋಗುತ್ತಿದೆ ಎಂದ. ಕಡಲಾಚೆಯವರು ಮಿಕ್ಕಿದ್ದನ್ನೆಲ್ಲ ಬದಿಗಿಟ್ಟು ವ್ಯಾಪಾರವಿದ್ಯೆ ಹಿಡಿದಿದ್ದಾರೆ, ನಾವು ಹಿಂದೆ ಬೀಳಬಾರದು ಎಂದ.

ಚಿಕ್ಕ ಮಕ್ಕಳ ನಡುವಿನಿಂದ ಒಬ್ಬ ಎದ್ದು ನಿಂತ. ಅವನ ಗಡ್ಡದಲ್ಲಿ ಆಗಲೇ ಒಂದೆರಡು ಬಿಳಿಗೂದಲು.

ಹಿರಿಯ ದೊರೆಯ ಕಾಲದಲ್ಲಿ ಅವನು ತರ್ಕ ಕಲಿಯಲು ಮಹಾವಿದ್ಯಾಲಯ ಸೇರಿದ್ದನಂತೆ. ದೊರೆಯ ತಮ್ಮ ಪಟ್ಟಕ್ಕೆ ಬಂದ. ಪ್ರಶ್ನೆ ಕೇಳುವವರನ್ನು ಕಂಡರೆ ಅವನಿಗೆ ಭಯ. ತರ್ಕದ ಶಾಲೆ ಮುಚ್ಚಿಸಿ ಎಲ್ಲರನ್ನೂ ಕೋಟೆ ಕಟ್ಟುವ ವಿದ್ಯೆಗೆ ಹಚ್ಚಿದ. ಅದು ಅರ್ಧಕ್ಕೆ ಬರುವಷ್ಟರಲ್ಲಿ ಈ ದೊರೆ ಬಂದು ಅದನ್ನೂ ನಿಲ್ಲಿಸಿದ. ಅರೆಬರೆ ಕಲಿತವನಿಗೆ ಯಾರೂ ಕೆಲಸ ಕೊಡಲಿಲ್ಲ. ಅದಕ್ಕೇ ಇಲ್ಲಿ ಬಂದು ಮೊದಲಿನಿಂದ ಓದಲು ಕೂತಿದ್ದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕೇತಪ್ಪನನ್ನು ಸುಟ್ಟದ್ದು ಅದೇ.

"ಸ್ವಾಮಿ, ಈ ಸಲದ್ದು ಉಳಿಯುತ್ತದೆಯೇ? ನನ್ನ ಓದು ಮುಗಿಯಲಿ ಎಂದು ಒಬ್ಬಳು ಮದುವೆಯಾಗದೆ ಕಾದಿದ್ದಾಳೆ. ಅವಳಿಗೆ ಏನಾದರೊಂದು ಹೇಳಿ ಕಳಿಸಬೇಕು."



ತರ್ಕವೇ ವಿದ್ಯೆಗಳ ಕಣ್ಣು ಎಂದು ಹಿರಿಯ ದೊರೆಗೆ ಬರೆದುಕೊಟ್ಟವನು ಕೇತಪ್ಪನೇ. ತರ್ಕ ದೇಶಕ್ಕೆ ಕೇಡು ಎಂದು ತಮ್ಮನಿಗೆ ಬರೆದುಕೊಟ್ಟವನೂ ಅವನೇ. ದೊರೆಗಳು ಬದಲಾದರು, ಬರೆಯುವ ಕೈ ಬದಲಾಗಿರಲಿಲ್ಲ. ಇದು ತನ್ನೊಬ್ಬನಿಗೇ ಗೊತ್ತು ಎಂದುಕೊಂಡು ಗುರುಗಳತ್ತ ನೋಡಿದ. ಅವರು ಹೊಳೆಯ ಕಡೆ ಮುಖ ಮಾಡಿದ್ದರು. ಅವರಿಗೂ ಗೊತ್ತಿದೆ ಎಂದು ಅವನಿಗೆ ಆಗ ತಿಳಿಯಿತು.

ಕೇತಪ್ಪ ತಲೆ ತಗ್ಗಿಸಿದ. ಪ್ರಶ್ನೆ ಕೇಳಿದವನು ಕೈಮುಗಿದು, ಮಕ್ಕಳ ಜೊತೆ ಎದ್ದುಹೋದ.

ಕೇತಪ್ಪ ಗುರುಗಳ ಮುಂದೆ ನೆಲದ ಮೇಲೆ ಕೂತ. ದೊರೆಗಳು ಹೇಳಿದರು, ಬರೆದೆ ಎಂದ. ಪರದೇಶದ ರಾಯಭಾರಿಗಳು ಒತ್ತಾಯ ಮಾಡಿದರು ಎಂದ. ನಾನಲ್ಲದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ ಎನ್ನಹೊರಟವನು, ತನ್ನ ಮಾತು ತನಗೇ ಕೇಳಿಸಿ, ಅರ್ಧಕ್ಕೆ ನಿಲ್ಲಿಸಿದ.



"ತಪ್ಪಾಯಿತು ಗುರುಗಳೇ. ಈ ಆಜ್ಞೆ ಬೇಡವೆಂದು ದೊರೆಗೆ ನಾನೇ ಹೇಳುತ್ತೇನೆ, ಪದವಿ ಹೋದರೂ ಹೋಗಲಿ. ಹೊಸದಾಗಿ ಬರೆಯುತ್ತೇನೆ. ಏನು ಕಲಿಸಬೇಕು, ನೀವೇ ಹೇಳಿ."

ಸಂಗಯ್ಯನವರು ಮಕ್ಕಳು ಹೋದ ದಾರಿ ನೋಡಿ, ಅವನ ಕಡೆ ತಿರುಗಿದರು.

"ಕಲಿಸುವುದು ಯಾರಿಗೆ?"