ಹೊಂಬಾಳಮ್ಮ ಮೆತ್ತಿದ ಸಿಮೆಂಟು

ಹೊಂಬಾಳಮ್ಮ ತನ್ನ ನೆರಳನ್ನೂ ನಂಬದ ಹೆಂಗಸು. ಹಾಲಿನವನು ನಕ್ಕರೆ "ಇವತ್ತು ನೀರು ಜಾಸ್ತಿ ಬೆರೆಸಿದಾನೆ" ಅನ್ನುತ್ತಿದ್ದಳು.

ಅವಳ ತವರಿನ ಬೂದುಗುಂಬಳದ ತಳಿ ಊರಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ. ತಾಯಿ ಸಾಯುವ ಮುಂಚೆ ಸೆರಗಿಗೆ ಕಟ್ಟಿಕೊಟ್ಟ ಬೀಜದಲ್ಲಿ ಉಳಿದದ್ದು ನಾಲ್ಕೇ. ನಾಲ್ಕನ್ನೂ ಹಾಕಿದಳು, ಬದುಕಿದ್ದು ಒಂದೇ ಬಳ್ಳಿ. ಅದು ಕಾಯಿ ಬಿಡದಿದ್ದರೆ ತಾಯಿಯ ತಳಿ ಅಲ್ಲಿಗೆ ಮುಗಿದಂತೆ.

ಬಳ್ಳಿ ಚಪ್ಪರ ಹತ್ತಿ ಹೂ ಬಿಟ್ಟಿತು. ಚಪ್ಪರದ ಬಿದಿರಿನ ತೂತಿನಿಂದ ದಿನಾ ಬೆಳಿಗ್ಗೆ ಒಂದು ಕರಿ ದುಂಬಿ ಗುಂಯ್ ಎಂದು ಹೊರಬರುತ್ತಿತ್ತು. ಹೂವಿನೊಳಗೆ ಹೊರಳಿ, ಮೈತುಂಬ ಹಳದಿ ಪುಡಿ ಮೆತ್ತಿಕೊಂಡು ಇನ್ನೊಂದು ಹೂವಿಗೆ ಹಾರುತ್ತಿತ್ತು.

"ಅಯ್ಯೋ ಕಳ್ಳ ಮುಂಡೇದೆ! ಹಾಡಹಗಲೇ ದೋಚ್ತೀಯಲ್ಲ!"

ಅದೇ ಚಪ್ಪರದ ಮೂಲೆಯಲ್ಲಿ ಕಡಜಗಳೂ ಗೂಡು ಕಟ್ಟಿದ್ದವು. ಸಣ್ಣ ಸೊಂಟ, ನುಣುಪು ಮೈ, ಗಲಾಟೆಯಿಲ್ಲ. "ಇವು ಮರ್ಯಾದಸ್ಥ ಹುಳ, ಇರಲಿ" ಎಂದು ಬಿಟ್ಟಳು.

ಪಕ್ಕದ ಮನೆ ಸಾಕವ್ವನ ಕಣ್ಣು ತಾಗೀತೆಂದು ಒಂದು ದಿನ ಚಪ್ಪರಕ್ಕೆ ಹಳೇ ಚಪ್ಪಲಿ ಕಟ್ಟಲು ಹೋದಳು. ಕೈ ಕಡಜದ ಗೂಡಿಗೆ ತಗುಲಿ, ಒಂದು ಕಡಜ ಚುರ್ ಎಂದು ಕುಟುಕಿತು. ಅದೇ ಹೊತ್ತಿಗೆ ದುಂಬಿ ಗುಂಯ್ ಎಂದು ಪಕ್ಕದಲ್ಲಿ ಹಾದುಹೋಯಿತು. "ನಂಗೊತ್ತಿತ್ತು, ನೀನೇ!" ಎಂದವಳೇ, ಸಂಜೆ ದುಂಬಿ ಒಳಗೆ ಸೇರಿದ್ದು ನೋಡಿಕೊಂಡು ತೂತಿಗೆ ಸಿಮೆಂಟು ಮೆತ್ತಿದಳು.

ಆಮೇಲೆ ಪೀಚುಗಳೆಲ್ಲ ಹಳದಿಯಾಗಿ ಉದುರತೊಡಗಿದವು.

"ಎಲ್ಲ ನಿನ್ನ ಕಣ್ಣೇ ಕಣೇ!" ಎಂದು ಸಾಕವ್ವನ ಮೇಲೆ ಹರಿಹಾಯ್ದಳು.

"ನನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರೆ ಮೊದಲು ನಿನ್ನ ಬಾಯಿ ಬಿದ್ದುಹೋಗ್ತಿತ್ತು" ಎಂದಳು ಸಾಕವ್ವ. "ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ತಾಗದೆ ಕಾಯಿ ನಿಲ್ಲುತ್ತೇನೇ? ದುಂಬಿ ಮೈತುಂಬ ಕೂದಲು, ಪುಡಿ ಅಂಟ್ಕೊಂಡು ಹೋಗುತ್ತೆ. ಕಡಜದ ನುಣುಪು ಮೈಗೆ ಅಷ್ಟು ಅಂಟಲ್ಲ. ಎಲ್ಲಿ ನಿನ್ನ ದುಂಬಿ?"

ಹೊಂಬಾಳಮ್ಮ ಮನೆಯೊಳಗೆ ಓಡಿದಳು. ಮಚ್ಚು ತಂದು ಬಿದಿರು ಸೀಳಿದಳು. ದುಂಬಿ ಸತ್ತು ಬಿದ್ದಿತ್ತು. ಬೆನ್ನ ಮೇಲೆ ಹಳದಿ ಪುಡಿ ಹಾಗೇ ಇತ್ತು. "ತಪ್ಪಾಯ್ತು ಕಣಪ್ಪ" ಎಂದು ಅಲ್ಲೇ ಕೂತು ಅತ್ತಳು.

ಮರುದಿನದಿಂದ ದುಂಬಿಯ ಕೆಲಸ ಅವಳ ಪಾಲಿಗೆ ಬಂತು. ಬೆಳಿಗ್ಗೆ ಎದ್ದು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುತ್ತಿದ್ದಳು. ಅಷ್ಟರಲ್ಲಿ ಹೂವಿನ ಕಾಲವೇ ಮುಗಿಯುತ್ತ ಬಂದಿತ್ತು. ಒಂದೇ ಒಂದು ಕಾಯಿ ನಿಂತಿತು. ಅದು ಬಲಿತ ಮೇಲೆ ಬೀಜದಲ್ಲಿ ಅರ್ಧವನ್ನು ಸಾಕವ್ವನ ಸೆರಗಿಗೆ ತಾನೇ ಕಟ್ಟಿದಳು.

ನೀತಿ: ಸದ್ದು ಮಾಡುವವರೆಲ್ಲ ಕಳ್ಳರಲ್ಲ, ಸುಮ್ಮನಿರುವವರೆಲ್ಲ ಸಾಧುಗಳೂ ಅಲ್ಲ. ಅನುಮಾನ ಬಂದರೆ ಬರಲಿ, ಕಣ್ಣಾರೆ ನೋಡುವ ತನಕ ಸಿಮೆಂಟು ಮಾತ್ರ ಕಲಸಬೇಡಿ.