ಅರ್ಧ ಫರಸಿ, ಅರ್ಧ ಕಾಂಕ್ರೀಟು

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಇದ್ದವರು ಇಬ್ಬರೇ. ಗುರು ಹಾಲಯ್ಯಜ್ಜ, ಶಿಷ್ಯ ಪತ್ರಯ್ಯ.

ಗುರುಗಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಬೆಳಗಿನ ಸ್ನಾನಕ್ಕೆ ಯಾರ ಕೈಯನ್ನೂ ಹಿಡಿಯದೆ, ಮಣ್ಣಿನ ಅಂಗಳ ದಾಟಿ ಹೊಳೆಗೆ ಹೋಗುತ್ತಿದ್ದರು. ದಾರಿ ಅವರ ಅಂಗಾಲಿಗೆ ಗೊತ್ತಿತ್ತು.

ಕಳೆದ ಮಳೆಗಾಲದಲ್ಲಿ ಆ ಅಂಗಳ ರಾಡಿಯಾಗಿ ಗುರುಗಳು ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಹಾಸಿಗೆ ಬಿಟ್ಟು ಏಳುವಷ್ಟರಲ್ಲಿ ಚಳಿಗಾಲವೇ ಕಳೆದಿತ್ತು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ವೈದ್ಯರು ಪತ್ರಯ್ಯನನ್ನು ಪಕ್ಕಕ್ಕೆ ಕರೆದು ಹೇಳಿದರು. ಹೊಳೆಗೆ ಹೋಗುವುದು ಬೇಡ ಎಂದು ಅವನು ಗುರುಗಳಿಗೆ ಬಗೆಬಗೆಯಾಗಿ ಹೇಳಿ ನೋಡಿದ. ಅವರು ಕೇಳುವ ಆಸಾಮಿಯಲ್ಲ.

“ಹಂಗಾರ ಅಂಗಳ ಗಟ್ಟಿ ಮಾಡು,” ಎಂದರು ಗುರುಗಳು. “ಏನು ಹಾಸಬೇಕು, ನೀನ ನೋಡು. ಮಳಿ ಬರೂದ್ರೊಳಗ ಆಗಲಿ.”

ಅಷ್ಟು ಹೇಳಿದ್ದೇ ತಡ, ಪತ್ರಯ್ಯನ ನೆಮ್ಮದಿ ಹಾರಿಹೋಯಿತು.

ಮಠಕ್ಕೆ ನಡೆದುಕೊಳ್ಳುವ ಇಬ್ಬರು ಭಕ್ತರು ಮುಂದೆ ಬಂದರು. ಸಂಗನಗೌಡರದು ಕಲ್ಲಿನ ಗಣಿ. ಚಪ್ಪಟೆಯಾದ ಫರಸಿ ಕಲ್ಲನ್ನು ತಾವೇ ಕಳಿಸಿ, ತಮ್ಮ ಗೌಂಡಿಗಳಿಂದ ಹಾಸಿಸಿ ಕೊಡುವುದಾಗಿ ಹೇಳಿದರು. ನೆಲದಿಂದ ಬಂದ ಕಲ್ಲು ನೆಲಕ್ಕೆ ಒಗ್ಗುತ್ತದೆ, ಮಳೆನೀರು ಸಂದಿಯಲ್ಲಿ ಇಂಗುತ್ತದೆ, ಒಂದು ಕಲ್ಲು ಒಡೆದರೆ ಅದೊಂದನ್ನೇ ಎತ್ತಿ ಬೇರೆಯದು ಕೂಡಿಸಬಹುದು ಎಂಬುದು ಅವರ ವಾದ. ಪತ್ರಯ್ಯ ತಲೆದೂಗಿದ.

ರತ್ನಕ್ಕ ಮನೆ ಕಟ್ಟಿಸುವ ಗುತ್ತಿಗೆದಾರಳು. ಕಲ್ಲು ಬೇಡವೇ ಬೇಡ, ಹಾವಸೆ ಹಿಡಿದರೆ ಜಾರುತ್ತದೆ, ನಾಲ್ಕು ಮಳೆಗೆ ಒಂದು ಕಲ್ಲು ಏಳುತ್ತದೆ, ಇನ್ನೊಂದು ಕುಸಿಯುತ್ತದೆ ಎಂದಳು. ಕಾಂಕ್ರೀಟು ಹಾಕಿ, ಹಸಿ ಇರುವಾಗಲೇ ಅದರ ಮೇಲೆ ಕಸಬರಿಗೆ ಎಳೆದರೆ ಕಾಲಿಗೆ ಹಿಡಿತ ಸಿಗುತ್ತದೆ, ಅಂಗಳ ಅಂಗೈಯಂತೆ ಸಮ ಇರುತ್ತದೆ ಎಂದಳು. ಪತ್ರಯ್ಯ ಅದಕ್ಕೂ ತಲೆದೂಗಿದ.

ಇಬ್ಬರೂ ಹೋದ ಮೇಲೆ ಅವನು ಗುರುಗಳ ಬಳಿ ಬಂದು ಕೂತ.

“ಅಜ್ಜಾರ, ಗೌಡರು ಹೇಳಿದ್ದೂ ಖರೇ ಅನಸ್ತೈತಿ, ಅಕ್ಕಾರು ಹೇಳಿದ್ದೂ ಖರೇ ಅನಸ್ತೈತಿ.”

“ಎರಡೂ ಖರೇನ ಐತಿ,” ಎಂದು ಗುರುಗಳು ಮಗ್ಗುಲು ಬದಲಿಸಿ ಮಲಗಿದರು.

ಪತ್ರಯ್ಯ ಒಂದು ಉಪಾಯ ಹೂಡಿದ. ಮಠದ ಬಾಗಿಲ ಹೊರಗೆ ಒಂದು ಫರಸಿ ಹಾಸಿದ. ಅದರ ಪಕ್ಕದಲ್ಲಿ ಅಷ್ಟೇ ಅಗಲಕ್ಕೆ ಕಾಂಕ್ರೀಟು ಹಾಕಿಸಿದ. ಬಂದವರನ್ನೆಲ್ಲ ಎರಡರ ಮೇಲೂ ನಿಲ್ಲಿಸಿ, ಯಾವುದು ಹಿತ ಎಂದು ಕೇಳತೊಡಗಿದ. ದರ್ಶನಕ್ಕೆ ಬಂದವರಿಗೆ ಇದೊಂದು ಹೊಸ ಸೇವೆ ಆಯಿತು. ಕೆಲವರು ಕಲ್ಲು ಎಂದರು, ಕೆಲವರು ಕಾಂಕ್ರೀಟು ಎಂದರು. ಒಬ್ಬ ಮುದುಕ ಎರಡರ ಮೇಲೂ ಒಂದೊಂದು ಕಾಲಿಟ್ಟು ಬಹಳ ಹೊತ್ತು ನಿಂತ. ಆಮೇಲೆ, ಊಟದ ಹೊತ್ತಾಯಿತೇನು ಎಂದು ಕೇಳಿದ.

ಕೆಲವು ದಿನಗಳ ಮೇಲೆ ಒಂದು ಸಂಜೆ ಪತ್ರಯ್ಯ ಇದೆಲ್ಲದರ ವರದಿ ಒಪ್ಪಿಸಿದ. ಗುರುಗಳು ಪೂರ್ತಿ ಕೇಳಿಸಿಕೊಂಡರು.

“ಅವರ ಕಾಲಾಗ ಚಪ್ಪಲಿ ಇದ್ದುವೇನು?”

ಪತ್ರಯ್ಯ ನಾಲಿಗೆ ಕಚ್ಚಿಕೊಂಡ. ಬಾಗಿಲ ಹೊರಗೆ ಎಲ್ಲರ ಕಾಲಲ್ಲೂ ಚಪ್ಪಲಿ. ಒಳಗಿನ ಅಂಗಳದಲ್ಲಿ ನಡೆಯುವವರೆಲ್ಲ ಬರಿಗಾಲಿನವರು. ಇಷ್ಟು ದಿನ ಅವನು ಕೇಳಿದ್ದು ಚಪ್ಪಲಿಗಳ ಅಭಿಪ್ರಾಯ.

ಮರುದಿನ ಅವನು ತಾನೇ ಬರಿಗಾಲಲ್ಲಿ ನಿಂತು ನೋಡಿದ. ಬೆಳಿಗ್ಗೆ ಎರಡೂ ತಣ್ಣಗಿದ್ದವು. ಮಧ್ಯಾಹ್ನ ಎರಡೂ ಸುಟ್ಟವು. ನೀರು ಸುರಿದು ನಡೆದ. ಎರಡರ ಮೇಲೂ ಕಾಲು ಜಾರಲಿಲ್ಲ. ಒಂದಾದರೂ ಜಾರಬಾರದಿತ್ತೇ ಎಂದು ಅವನಿಗೆ ಅಳು ಬಂತು.

ಮಧ್ಯಾಹ್ನ ಊಟಕ್ಕೆ ಬಡಿಸುವಾಗಲೂ ಅದೇ ಚಿಂತೆ. ಗುರುಗಳ ತಟ್ಟೆಗೆ ಅನ್ನ ಹಾಕಿ ಸುಮ್ಮನೆ ನಿಂತುಬಿಟ್ಟ.

“ಅಜ್ಜಾರ, ನೀವ ಒಂದು ಮಾತು ಹೇಳಿಬಿಡ್ರಿ. ಯಾವುದು ಹಾಕಿಸಲಿ?”

“ಯಾವುದರ ಒಂದು ಹಾಕು. ಅನ್ನ ಆರಾಕತ್ತೈತಿ.”

ಅಂಗಳದ ಮಾತೋ ಅನ್ನದ ಮಾತೋ ಪತ್ರಯ್ಯನಿಗೆ ತಿಳಿಯಲಿಲ್ಲ. ಒಳಗೆ ಓಡಿ, ಒಂದು ಕೈಯಲ್ಲಿ ಸಾರು, ಇನ್ನೊಂದು ಕೈಯಲ್ಲಿ ಮಜ್ಜಿಗೆ ಹಿಡಿದು ಬಂದ. ಯಾವುದನ್ನು ಮೊದಲು ಬಡಿಸಲಿ ಎಂದು ಯೋಚಿಸುತ್ತ ನಿಂತ. ಗುರುಗಳು ಬರಿ ಅನ್ನ ಉಂಡು ಕೈ ತೊಳೆದರು.

ಅತ್ತ ಗೌಡರು ಹೇಳಿ ಕಳಿಸಿದರು, ಗಾಡಿಗೆ ಕಲ್ಲು ಹೇರಲೋ ಬೇಡವೋ ಎಂದು. ಇತ್ತ ರತ್ನಕ್ಕ ತಾನೇ ಬಂದಳು. ಬೇಡ ಎಂದರೆ ಗೌಡರು ಇನ್ನು ಮಠದ ಕಡೆ ತಲೆ ಹಾಕುವುದಿಲ್ಲವೇನೋ, ರತ್ನಕ್ಕ ಮುಖ ತಿರುಗಿಸಿಕೊಂಡು ಹೋಗುತ್ತಾಳೇನೋ. ಆಕಾಶದ ಮೂಲೆಯಲ್ಲಿ ಮೋಡ ಬೇರೆ ಕೂಡತೊಡಗಿತ್ತು. ರತ್ನಕ್ಕನ ಎದುರು ನಿಂತಲ್ಲೇ ಪತ್ರಯ್ಯನಿಗೆ ಥಟ್ಟನೆ ಹೊಳೆಯಿತು. ಅರ್ಧ ಅಂಗಳ ಫರಸಿ, ಅರ್ಧ ಅಂಗಳ ಕಾಂಕ್ರೀಟು.

ಇಬ್ಬರೂ ಒಪ್ಪಿದರು. ತಾನು ಇಷ್ಟು ಜಾಣ ಎಂದು ಅವನಿಗೇ ಗೊತ್ತಿರಲಿಲ್ಲ.

ಗುರುಗಳಿಗೆ ಹೇಳಿದ. ಅವರು ಹೂಂ ಎಂದರು, ಊಹೂಂ ಎನ್ನಲಿಲ್ಲ.

ಗುರುಗಳ ಕೋಣೆಯ ಕಡೆಯಿಂದ ಗೌಡರ ಗೌಂಡಿಗಳು ಮರಳಿನ ಮೇಲೆ ಕಲ್ಲು ಹಾಸುತ್ತ ಬಂದರು. ಹೊಳೆಯ ಕಡೆಯಿಂದ ರತ್ನಕ್ಕನ ಆಳುಗಳು ಕಾಂಕ್ರೀಟು ಹಾಕುತ್ತ ಬಂದರು. ನಡುವೆ ಇಬ್ಬರೂ ಎದುರಾದಾಗ ಕಾಂಕ್ರೀಟು ಫರಸಿಗಿಂತ ಒಂದು ಬೆರಳು ಎತ್ತರ ನಿಂತಿತ್ತು. ನೀವು ಕಲ್ಲು ಎತ್ತರಿಸಿ ಎಂದರು ಇವರು. ನೀವು ಕಾಂಕ್ರೀಟು ಇಳಿಸಿ ಎಂದರು ಅವರು. ಕೊನೆಗೆ ಪತ್ರಯ್ಯನನ್ನು ಕರೆದು ಯಾರದು ಬದಲಿಸಬೇಕು ಎಂದು ಕೇಳಿದರು.

ಪತ್ರಯ್ಯ ಆ ಬೆರಳಷ್ಟು ಎತ್ತರವನ್ನು ನೋಡಿದ. ಗೌಡರ ಕಡೆಯವರನ್ನು ನೋಡಿದ, ಅಕ್ಕನ ಕಡೆಯವರನ್ನು ನೋಡಿದ.

“ಇರಲಿ ಬಿಡ್ರಿ,” ಎಂದ. “ಅಷ್ಟೇನು ಕಾಣ್ಸೂದಿಲ್ಲ.”

ಕಾಂಕ್ರೀಟು ಗಟ್ಟಿಯಾದ ಮೇಲೆ ಪತ್ರಯ್ಯ ಗುರುಗಳ ಕೈ ಹಿಡಿದು ಅಂಗಳದ ತುಂಬ ನಡೆಸಿದ. ಎತ್ತರ ಬಂದಲ್ಲಿ ತಾನೇ ಅವರ ತೋಳು ಎತ್ತಿ ದಾಟಿಸಿದ. ಅಂಗಳ ಚೆನ್ನಾಗಿದೆ ಎಂದರು ಗುರುಗಳು. ಅಂದು ಅವನು ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದ.

ಮೊದಲ ಮಳೆ ಬಿದ್ದು ಬೆಳಗಾಯಿತು. ಅಂಗಳದಲ್ಲಿ ರಾಡಿ ಇರಲಿಲ್ಲ. ಗುರುಗಳು ಹೆಗಲ ಮೇಲೆ ಪಂಚೆ ಹಾಕಿಕೊಂಡು, ಎಂದಿನಂತೆ ಒಬ್ಬರೇ ಹೊಳೆಗೆ ಹೊರಟರು. ದನದ ಕೊಟ್ಟಿಗೆಯಲ್ಲಿ ಸೆಗಣಿ ಬಾಚುತ್ತಿದ್ದ ಪತ್ರಯ್ಯ ಕೈ ನಿಲ್ಲಿಸಿ ನೋಡಿದ. ಒದ್ದೆ ಕಲ್ಲಿನ ಮೇಲೆ ಆ ಮುದಿ ಪಾದಗಳು ಧೈರ್ಯದಿಂದ ಹೋಗುತ್ತಿದ್ದವು. ಅವನ ಕಣ್ಣು ಒದ್ದೆಯಾಯಿತು.

ಅಂಗಳದ ನಡುವೆ ಗುರುಗಳು ಎಡವಿದರು. ಮುಗ್ಗರಿಸಿ, ಎರಡೂ ಕೈ ಊರಿ ಬಿದ್ದರು.

ಪತ್ರಯ್ಯ ಓಡಿಬಂದ. ಹೆಬ್ಬೆರಳಿನ ಉಗುರು ಕಿತ್ತುಬಂದು ರಕ್ತ ಸುರಿಯುತ್ತಿತ್ತು. ಮೊಣಕಾಲು ತರಚಿತ್ತು, ಸೊಂಟ ಮಾತ್ರ ಉಳಿದಿತ್ತು. ಅವರನ್ನು ಎತ್ತಿ ತಂದು ಜಗುಲಿಯ ಮೇಲೆ ಕೂಡಿಸಿದ. ಗಾಯ ತೊಳೆದು, ಅರಿಶಿನ ಒತ್ತಿ, ಬಟ್ಟೆ ಕಟ್ಟಿದ.

ಸುದ್ದಿ ತಿಳಿದು ಸಂಗನಗೌಡರು ಬಂದರು. ಕಾಂಕ್ರೀಟಿಗೇ ಎಡವಿದ್ದು, ಅದನ್ನು ಒಡೆಸಿಬಿಡು ಎಂದರು. ಪತ್ರಯ್ಯ ಹೌದು ಎಂದ. ಅವರ ಹಿಂದೆಯೇ ರತ್ನಕ್ಕ ಬಂದಳು. ಕಲ್ಲು ತಗ್ಗಾಗಿದ್ದಕ್ಕೇ ಹೀಗಾಯಿತು, ಅದನ್ನು ಕೀಳಿಸಿಬಿಡು ಎಂದಳು. ಪತ್ರಯ್ಯ ಅದಕ್ಕೂ ಹೌದು ಎಂದ.

ಅವರು ಹೋದ ಮೇಲೆ ಅವನು ಗುರುಗಳ ಕಾಲ ಬಳಿ ಕುಸಿದು ಕೂತ. ಗಾಯದ ಬಟ್ಟೆಗೆ ಕೆಂಪು ಹತ್ತಿತ್ತು. ಅದನ್ನು ನೋಡಲಾರದೆ ಬಿಕ್ಕಿ ಬಿಕ್ಕಿ ಅತ್ತ.

“ತಪ್ಪಾತ್ರಿ ಅಜ್ಜಾರ. ನಿಮ್ಮ ಜೀವಕ್ಕ ಏನರ ಆಗಿದ್ರ ನಾ ಏನು ಮಾಡ್ತಿದ್ದೆ? ಇವತ್ತ ಕೀಳಿಸ್ತೀನಿ.”

“ಏನು ಕೀಳಿಸ್ತಿ?”

ಪತ್ರಯ್ಯ ಕಣ್ಣೊರೆಸಿಕೊಂಡ. ಅಂಗಳದ ಈ ಅರ್ಧ ನೋಡಿದ, ಆ ಅರ್ಧ ನೋಡಿದ.

“ನೀವ ಹೇಳ್ರಿ,” ಎಂದ ಕಡೆಗೆ. “ಫರಸಿ ಕೀಳಿಸಲೋ, ಕಾಂಕ್ರೀಟು ಒಡಸಲೋ?”

ಗುರುಗಳು ಕತ್ತಲಲ್ಲಿ ತಡಕುವಂತೆ ಕೈ ಚಾಚಿ ಅವನ ತಲೆಯನ್ನು ಹುಡುಕಿ, ಅದರ ಮೇಲೆ ಅಂಗೈ ಇಟ್ಟರು.

“ಫರಸಿ ಮ್ಯಾಲೆ ನಡದೆ, ಕಾಲು ಗಟ್ಟಿ ನಿಂತಿತು. ಕಾಂಕ್ರೀಟ್ ಮ್ಯಾಲೂ ನಡದೇನಿ, ಅಲ್ಲೂ ನಿಂತಿತು. ನಡುವ ನಿನ್ನ ಮ್ಯಾಲೆ ಕಾಲಿಟ್ಟೆ ನೋಡು, ಬಿದ್ದೆ.”